ಎಕ್ಸ್‌ರೇಗೆ ಬ್ಯಾಗ್ ಜೋಡಿಸುವುದು ಹೇಗೆ

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಎಕ್ಸ್‌ರೇ ಪರದೆ ನೋಡುವುದು ನನ್ನ ಕೆಲಸ. ನಿಮ್ಮ ಬ್ಯಾಗ್ ನನಗೆ ಬರೀ ಬಣ್ಣಗಳಾಗಿ ಕಾಣುತ್ತದೆ. ಬಟ್ಟೆ, ತಿಂಡಿ, ಪುಸ್ತಕ, ಸೋಪು ಕಿತ್ತಳೆ. ಸ್ಟೀಲು, ಕಬ್ಬಿಣ ನೀಲಿ. ಅಲ್ಯೂಮಿನಿಯಂನಂಥ ಹಗುರ ಲೋಹ ಹಸಿರು. ಕಿರಣ ದಾಟಲಾಗದಷ್ಟು ದಪ್ಪವಿದ್ದರೆ ಕಪ್ಪು. ಆ ಕಪ್ಪು ಮಚ್ಚೆ ಕಂಡಾಗಲೇ ನಾನು ಬ್ಯಾಗ್ ಪಕ್ಕಕ್ಕೆ ಇಡಿಸುವುದು ಜಾಸ್ತಿ.

ಲ್ಯಾಪ್‌ಟಾಪ್, ಅದರ ಮೇಲೆ ಚಾರ್ಜರ್, ಮೇಲೊಂದು ಪವರ್ ಬ್ಯಾಂಕ್, ಸುತ್ತಲೂ ವೈರು. ಹೀಗೆ ಪೇರಿಸಿಟ್ಟರೆ ಒಂದರ ಹಿಂದೆ ಇನ್ನೊಂದು ಮರೆಯಾಗುತ್ತದೆ. ಲ್ಯಾಪ್‌ಟಾಪ್ ಹೊರಗೆ ತೆಗೆಯಿರಿ ಅನ್ನುವುದು ಇದಕ್ಕೇ, ಸುಮ್ನೆ ಅಲ್ಲ. ಉಳಿದವನ್ನು ಅಕ್ಕಪಕ್ಕ ಹರಡಿಡಿ. ಮೂರು ಆಯಾಮದ ಚಿತ್ರ ತೆಗೆಯುವ ಸಿ.ಟಿ. ಯಂತ್ರವಿದ್ದರೆ ಬ್ಯಾಗಿನ ಚಿತ್ರವನ್ನು ಪರದೆಯಲ್ಲೇ ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಬಹುದು. ಅಂಥ ಕಡೆ ಬಹಳಷ್ಟು ಸಲ ಏನೂ ತೆಗೆಯಬೇಕಿಲ್ಲ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಲಿ. ಚೆಕ್-ಇನ್ ಸೂಟ್‌ಕೇಸಿಗೆ ಹಾಕಿದರೆ, ಕೆಳಗಿನ ಸರಕಿನ ಜಾಗದಲ್ಲಿ ಅದು ಹೊತ್ತಿಕೊಂಡರೂ ಯಾರ ಕೈಗೂ ಎಟುಕುವುದಿಲ್ಲ.

ಕೈಚೀಲದಲ್ಲಿ ಒಯ್ಯುವ ದ್ರವದ ಬಾಟಲಿ 100 ಮಿಲಿ ಮೀರಬಾರದು ಎಂಬ ನಿಯಮ ಬಂದದ್ದು 2006ರಲ್ಲಿ. ಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ಒಯ್ಯುವ ಸಂಚು ಆ ಆಗಸ್ಟ್‌ನಲ್ಲಿ ಬ್ರಿಟನ್ನಿನಲ್ಲಿ ಬಯಲಾಗಿತ್ತು. ಲೆಕ್ಕ ಬಾಟಲಿಯ ಅಳತೆಯದು, ಒಳಗೆ ಉಳಿದದ್ದರದಲ್ಲ. 200 ಮಿಲಿ ಬಾಟಲಿಯ ತಳದಲ್ಲಿ ಚೂರೇ ಶಾಂಪೂ ಇದ್ದರೂ ನಡೆಯಲ್ಲ. ಟೂತ್‌ಪೇಸ್ಟ್, ಕ್ರೀಮ್ ಕೂಡ ದ್ರವದ ಲೆಕ್ಕಕ್ಕೇ. ಹೊಸ ಯಂತ್ರವಿರುವ ಕೆಲವೆಡೆ ಮಿತಿ ಸಡಿಲವಾಗಿದೆ. ಆದರೆ ವಾಪಸ್ ಬರುವ ನಿಲ್ದಾಣದಲ್ಲೂ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ. ಔಷಧಿ, ಮಗುವಿನ ಹಾಲು ಇದ್ದರೆ ಮೊದಲೇ ತೋರಿಸಿ.

ಪೇಸ್‌ಮೇಕರ್ ಇದ್ದವರು ಲೋಹ ಪತ್ತೆ ಮಾಡುವ ಬಾಗಿಲ ಚೌಕಟ್ಟು ದಾಟುವ ಮುಂಚೆ ಹೇಳಿ. ಕೈಗೆ ಬಟ್ಟೆಚೂರು ಒರೆಸಿ ಸ್ಫೋಟಕದ ಕಣ ಹುಡುಕುವ ಯಂತ್ರಕ್ಕೆ ಕೊಟ್ಟಾಗ ಸದ್ದಾದರೆ ಹೆದರಬೇಡಿ. ಗ್ಲಿಸರಿನ್ ಇರುವ ಹ್ಯಾಂಡ್ ಕ್ರೀಮಿಗೂ ಅದು ಕೂಗುವುದುಂಟು. ಇನ್ನೊಮ್ಮೆ ನೋಡುತ್ತಾರೆ, ಅಷ್ಟೇ. ಎಲ್ಲರೆದುರು ಮೈ ತಡವಿಸಿಕೊಳ್ಳಲು ಮುಜುಗರವಾದರೆ ಪ್ರತ್ಯೇಕ ಕೋಣೆ ಕೇಳಿ.

ಇಲ್ಲೇ ಕೆಲಸ ಮಾಡುವವರಿಗೂ ಒಂದು ಮಾತು. ದಿನಾ ನೋಡುವ ಮುಖ, ಬಿಡಬಾರದಾ ಅಂತ ಕೆಲವರಿಗೆ ಬೇಜಾರು. ಬಿಡಬಾರದು. ಪಾಸ್ ಇರುವ ನಿಮಗೆ ವಿಮಾನದ ಹತ್ತಿರದವರೆಗೂ ದಾರಿ ಇದೆ ಅಲ್ವಾ? ಸ್ಪ್ಯಾನರ್, ಸ್ಕ್ರೂಡ್ರೈವರ್‌ಗಳನ್ನು ಒಂದೇ ಚೀಲದಲ್ಲಿ ತುರುಕದೆ ಟ್ರೇಯಲ್ಲಿ ಬಿಡಿಬಿಡಿಯಾಗಿ ಇಡಿ. ಉಪಕರಣಗಳ ಪಟ್ಟಿ ಜೊತೆಗಿದ್ದರೆ ಬೇಗ ಮುಗಿಯುತ್ತದೆ. ಯಾರಾದರೂ, ಸ್ನೇಹಿತರೇ ಆಗಲಿ, 'ಇದೊಂದು ಪೊಟ್ಟಣ ಒಳಗೆ ತಲುಪಿಸಿಬಿಡಪ್ಪ' ಅಂದರೆ ಆಗಲ್ಲ ಅನ್ನಿ, ಅವತ್ತೇ ಮೇಲಿನವರಿಗೆ ತಿಳಿಸಿ.