ಮಗು ಕಾಣದಾದಾಗ ಮೊದಲು ಬಾಗಿಲು: ಜವಳಿ ಅಂಗಡಿಯ ಅನುಭವ

ಶಿವಮೊಗ್ಗದಲ್ಲಿ ನಮ್ಮದು ಮೂರು ಮಹಡಿಯ ಜವಳಿ ಅಂಗಡಿ. ಹೋದ ದೀಪಾವಳಿ ಸೀಸನ್‌ನಲ್ಲಿ ಕಾಣದಾದ ನಾಲ್ಕು ವರ್ಷದ ಹುಡುಗಿ ಆರೇಳು ನಿಮಿಷದಲ್ಲಿ ಅಮ್ಮನ ಕೈ ಸೇರಿದಳು. "ಬಾಗಿಲಲ್ಲಿ ಜನ ನಿಲ್ಲಿಸಿದ್ರೆ ಗಿರಾಕಿ ಓಡಿ ಹೋಗ್ತಾರೆ" ಎನ್ನುತ್ತಿದ್ದ ಅಂಗಡಿಯವರೇ ಈಗ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ.

ನಮ್ಮಲ್ಲಿ ಮಕ್ಕಳು ತಪ್ಪಿಸಿಕೊಳ್ಳುವುದು ಮದುವೆ ಜವಳಿ ದಿನಗಳಲ್ಲೇ ಜಾಸ್ತಿ. ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಹದಿನೈದಿಪ್ಪತ್ತು ಜನ ಒಟ್ಟಿಗೆ ಬರುತ್ತಾರೆ. ಮಗು ಅತ್ತೆ ಹತ್ತಿರ ಇದೆ ಅಂತ ಅಮ್ಮ, ಅಜ್ಜಿ ಹತ್ತಿರ ಇದೆ ಅಂತ ಅತ್ತೆ. ಗೊತ್ತಾಗುವಷ್ಟರಲ್ಲಿ ಕಾಲು ಗಂಟೆ ಹೋಗಿರುತ್ತದೆ.

ಮೊದಲು ಮೈಕ್ ಹಾಕಿಸಿದೆವು. ವೈರಿಂಗ್ ಸೇರಿ 20 ಸಾವಿರದ ಆಸುಪಾಸು. ಮಗುವಿನ ಹೆಸರು, ಫ್ರಾಕಿನ ಬಣ್ಣ ಎಲ್ಲಾ ಕೂಗಿದರೆ ಹುಡುಗರೆಲ್ಲ ಹುಡುಕಲು ಓಡುತ್ತಿದ್ದರು, ಬಾಗಿಲಲ್ಲಿ ಯಾರೂ ಇರುತ್ತಿರಲಿಲ್ಲ. ಮೇಲಾಗಿ, ಹೆಸರು ಗೊತ್ತಾದರೆ ಯಾರು ಬೇಕಾದರೂ ಮಗುವನ್ನು ಕರೆಯಬಹುದು, ಅಲ್ವಾ? ಆಮೇಲೆ ಶಟರ್ ಎಳೆದು ನೋಡಿದೆವು. ಜನ ಗಾಬರಿಯಾದರು, ಆರಿಸಿದ ಬಟ್ಟೆ ಬಿಟ್ಟು ಹೊರಟರು. ಒಂದೇ ಸಂಜೆ 40 ಸಾವಿರದಷ್ಟು ವ್ಯಾಪಾರ ಕೈಬಿಟ್ಟಿತು. ತುಂಬಿದ ಅಂಗಡಿಯಲ್ಲಿ ಶಟರ್ ಮುಚ್ಚುವುದು ಅಪಾಯ ಕೂಡ.

ದಾರಿ ಸಿಕ್ಕಿದ್ದು ಅಮೆರಿಕದ 'ಕೋಡ್ ಆಡಮ್' ಬಗ್ಗೆ ಓದಿದಾಗ. 1981ರಲ್ಲಿ ಫ್ಲೋರಿಡಾದ ಅಂಗಡಿಯೊಂದರಿಂದ ಕಾಣೆಯಾಗಿ ಕೊಲೆಯಾದ ಆರು ವರ್ಷದ ಆಡಮ್ ವಾಲ್ಶ್ ಹೆಸರಿನಲ್ಲಿ ಅಲ್ಲಿನ ದೊಡ್ಡ ಅಂಗಡಿ ಸರಣಿ ವಾಲ್‌ಮಾರ್ಟ್ 1994ರಲ್ಲಿ ಶುರು ಮಾಡಿದ ಪದ್ಧತಿ ಅದು: ಮಗು ಕಾಣದಾದರೆ ಮೈಕಿನಲ್ಲಿ ಸಂಕೇತದ ಮಾತು ಹೇಳಿ, ಬಾಗಿಲು ಕಾಯುತ್ತಾ ಹುಡುಕುವುದು. ನಮ್ಮ ಮೈಕಿನಲ್ಲಿ ಈಗ ಒಂದೇ ಪದ ಬರುತ್ತದೆ, ಗಿರಾಕಿಗಳಿಗೆ ಅದು ಸೀರೆಯ ಹೆಸರಿನಂತೆ ಕೇಳುತ್ತದೆ. ಕೇಳಿದ ತಕ್ಷಣ ಪ್ರತಿ ಬಾಗಿಲಿಗೆ ಇಬ್ಬರು. ಒಬ್ಬರೇ ಹೋಗುವವರನ್ನು ತಡೆಯುವುದಿಲ್ಲ, ಮಗುವಿನ ಜೊತೆ ಹೊರಡುವವರಿಗೆ ಮಾತ್ರ ನಗುತ್ತಾ ಒಂದು ಪ್ರಶ್ನೆ. ಆ ಪದ, ಆ ಪ್ರಶ್ನೆ ಎರಡನ್ನೂ ಇಲ್ಲಿ ಬರೆಯುವುದಿಲ್ಲ. ನಿಮ್ಮದನ್ನು ನೀವೇ ಮಾಡಿಕೊಳ್ಳಿ.

ಅಮ್ಮ ಗಲ್ಲಾ ಹತ್ತಿರವೇ ಇರಬೇಕು, ಜೊತೆಗೆ ನಮ್ಮ ಒಬ್ಬಳು ಹುಡುಗಿ. ಅಪ್ಪನೋ ಮಾವನೋ ಮುಂಬಾಗಿಲಿಗೆ, ಮುಖ ಗುರುತು ಹಿಡಿಯಲು. ಅವತ್ತೇ ತೆಗೆದ ಫೋಟೋ ಅಮ್ಮನ ಮೊಬೈಲ್‌ನಲ್ಲಿ ಇದ್ದೇ ಇರುತ್ತದೆ, ಅದು ಸ್ಟಾಫ್ ವಾಟ್ಸಾಪ್ ಗ್ರೂಪಿಗೆ. ಮಗು ಸಿಕ್ಕ ಮೇಲೆ ಅಳಿಸಿಬಿಡುತ್ತೇವೆ. ಚಪ್ಪಲಿ ಯಾವುದು ಅಂತ ತಪ್ಪದೆ ಕೇಳಿ. ಎತ್ತಿಕೊಂಡು ಹೋಗುವವರು ಮಗುವಿಗೆ ಸ್ವೆಟರ್ ಹಾಕಬಹುದು, ಅಳತೆಗೆ ಸರಿಯಾದ ಚಪ್ಪಲಿ ಎಲ್ಲಿಂದ ತರುತ್ತಾರೆ?

ಉಳಿದವರು ಅವರವರ ಸೆಕ್ಷನ್ನೇ ಹುಡುಕಬೇಕು, ಬಗ್ಗಿ ನೋಡಬೇಕು. ಕೌಂಟರ್ ಅಡಿ, ಗೊಂಬೆಗಳ ಹಿಂದೆ, ಟ್ರಯಲ್ ರೂಮು, ಲಿಫ್ಟು, ನೀರಿನ ಸಂಪು. ಬೈಯುತ್ತಾರೆಂದು ಹೆದರಿದ ಮಗು ಕರೆದರೂ ಓಗೊಡುವುದಿಲ್ಲ. ಗೋಡೌನ್ ಬಾಗಿಲಿಗೆ ಹಾಕಿಸಿದ ಬಜರ್ ಐನೂರು ರೂಪಾಯಿಯೂ ಆಗಲಿಲ್ಲ, ಮೈಕಿಗಿಂತ ಅದೇ ಹೆಚ್ಚು ಕೆಲಸಕ್ಕೆ ಬಂದಿದೆ.

ನಡುವೆ ಬಲೂನು ಪ್ರಯೋಗವೂ ಆಯಿತು. ಮಹಡಿಗೊಂದು ಬಣ್ಣದ ಬಲೂನು ಕೋಲಿಗೆ ಕಟ್ಟಿ ಮಕ್ಕಳ ಕೈಗೆ ಕೊಟ್ಟೆವು, ರ್‍ಯಾಕಿನ ಮೇಲಿಂದ ಕಾಣಲಿ ಅಂತ. ಎಲ್ಲರಿಗೂ ಕೆಂಪೇ ಬೇಕಾಯಿತು, ಮಹಡಿ ಲೆಕ್ಕ ಹಾಳಾಯಿತು. ಕೋಟೆ ಮಾರಿಕಾಂಬ ಜಾತ್ರೆ ಹೊತ್ತಿಗೆ ಮಕ್ಕಳ ತೋಳಿನ ಮೇಲೆ ಅಪ್ಪನ ಫೋನ್ ನಂಬರ್ ಬರೆದುಕೊಟ್ಟೆವು. ಅದು ಚೆನ್ನಾಗಿ ನಡೆಯಿತು, ಖರ್ಚು ಒಂದು ಪೆನ್ನಿನದ್ದು ಮಾತ್ರ.

ದೀಪಾವಳಿಯ ಆ ಹುಡುಗಿ ಸಿಕ್ಕಿದ್ದು ಮುಂಬಾಗಿಲಲ್ಲೇ. ಅಮ್ಮನದೇ ಬಣ್ಣದ ಸೀರೆ ಉಟ್ಟ ಬೇರೆ ಹೆಂಗಸಿನ ಸೆರಗು ಹಿಡಿದು ಹೊರಟಿದ್ದಳು, ಆ ಹೆಂಗಸಿಗೆ ಗೊತ್ತೇ ಇಲ್ಲ. ನಮ್ಮ ಹುಡುಗ ಚಪ್ಪಲಿ ನೋಡಿ ನಿಲ್ಲಿಸಿದ. ಎರಡು ಹೆಜ್ಜೆ ಆಚೆ ಹಬ್ಬದ ಟ್ರಾಫಿಕ್ಕು. ಎಲ್ಲರೂ ಒಳಗೆ ಹುಡುಕುತ್ತಾ ಇದ್ದಿದ್ದರೆ ಅವಳು ರಸ್ತೆಯಲ್ಲಿರುತ್ತಿದ್ದಳು.

ಹತ್ತು ನಿಮಿಷದಲ್ಲಿ ಸಿಗದಿದ್ದರೆ 112ಕ್ಕೆ ಫೋನ್. ಯಾರೋ ಕರೆದುಕೊಂಡು ಹೋದ ಅನುಮಾನವಿದ್ದರೆ ಆ ಕ್ಷಣವೇ. ಮಕ್ಕಳ ಸಹಾಯವಾಣಿ 1098 ಕೂಡ ಇದೆ. 24 ಗಂಟೆ ಕಾಯಬೇಕು ಅನ್ನುವುದು ಸುಳ್ಳು. ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಪೊಲೀಸರು ಬರುವ ಮೊದಲೇ ಕ್ಯಾಮೆರಾ ರೆಕಾರ್ಡಿಂಗ್ ಬೇರೆ ಕಡೆ ಕಾಪಿ ಮಾಡಿಡಿ. ರೆಕಾರ್ಡ್ ಮಾಡುವ ಡಿವಿಆರ್ ಪೆಟ್ಟಿಗೆ ತುಂಬಿದ ಮೇಲೆ ಹಳೆಯದು ಅಳಿಸಿಹೋಗುತ್ತದೆ.