ಟೈಲ್ಸ್ ಹಾಕಿಸುವ ಮುಂಚೆ: ನಮ್ಮ ತೋಟದ ಗದ್ದುಗೆಗಳನ್ನು ದಾಖಲು ಮಾಡಿದ್ದು ಹೀಗೆ

ಹಳೇ ಸಮಾಧಿ ಕಲ್ಲುಗಳಿಗೆ ಮಳೆ ಗಾಳಿಗಿಂತ ಜಾಸ್ತಿ ಅಪಾಯ ಇರುವುದು ಪ್ರೀತಿಯ ನೆಂಟರಿಂದ. ಹೊಳಲ್ಕೆರೆ ಕಡೆ ನಮ್ಮೂರಿನಲ್ಲಿ ಲಿಂಗಾಯತರ ಎಷ್ಟೋ ಮನೆತನಗಳಿಗೆ ಸ್ವಂತ ಹೊಲ, ತೋಟದ ಮೂಲೆಯಲ್ಲೇ ಗದ್ದುಗೆಗಳಿವೆ. ಅಡಿಕೆಗೆ ರೇಟು ಬಂದ ಮೇಲೆ ಕೈಯಲ್ಲಿ ಸ್ವಲ್ಪ ಕಾಸು ಓಡಾಡುತ್ತಿದೆ. ಹಿರಿಯರ ಜಾಗ ಚೆನ್ನಾಗಿ ಕಾಣಲಿ ಅಂತ ಹಳೇ ಕಲ್ಲು ಕಿತ್ತು, ಸಿಮೆಂಟ್ ಕಟ್ಟೆ ಕಟ್ಟಿ, ಮೇಲೆ ಟೈಲ್ಸ್ ಕೂರಿಸುತ್ತಾರೆ. ಹೊಸ ಗ್ರಾನೈಟ್ ಮೇಲೆ ಹೆಸರು ಬರುತ್ತದೆ. ಹಳೇ ಕಲ್ಲಿನ ತಾರೀಖು ಓದಲು ಬರದಿದ್ದರೆ ಅದನ್ನು ಬಿಟ್ಟೇಬಿಡುತ್ತಾರೆ. ಕಿತ್ತ ಕಲ್ಲು ಕೊನೆಗೆ ಬಟ್ಟೆ ಒಗೆಯಲು ಬಳಕೆಯಾಗುತ್ತದೆ.

ನಮ್ಮ ದೊಡ್ಡಪ್ಪನ ಮಗನೂ "ಶಿವರಾತ್ರಿ ಕಳೀಲಿ, ಎಲ್ಲಾನೂ ಒಂದೇ ಲೆವೆಲ್ ಮಾಡಿಸಿಬಿಡೋಣ ಕಣೋ" ಅಂದ. ಬೇಡ ಅಂದರೆ ಜಗಳ. "ಮಾಡಿಸೋಣ ಅಣ್ಣ, ಅದಕ್ಕೂ ಮುಂಚೆ ಇದ್ದದ್ದನ್ನು ಇದ್ದ ಹಾಗೇ ಬರೆದಿಟ್ಟುಕೊಳ್ತೀನಿ" ಅಂದೆ. ಒಪ್ಪಿದ.

ಇಂಥ ಕೆಲಸಕ್ಕೆ ಬೇಸಿಗೆ ಶುರುವಾಗುವ ಹೊತ್ತೇ ಸರಿ. ಹುಲ್ಲು ಒಣಗಿರುತ್ತದೆ, ಹುಳುಹುಪ್ಪಟೆ ಇದ್ದರೆ ಕಾಣುತ್ತದೆ. ಲಂಟಾನ, ಕಾಂಗ್ರೆಸ್ ಗಿಡ ಎಲ್ಲ ಕುಡುಗೋಲಿನಲ್ಲೇ ಸವರಿದೆವು. ಬೆಂಕಿ ಹಾಕಿದರೆ ಬೇಗ ಆಗುತ್ತದೆ ಅಂದರು. ಬಿಸಿಗೆ ಕಲ್ಲಿನ ಮೇಲ್ಪದರ ಸಿಡಿಯುತ್ತದೆ, ಅಕ್ಷರ ಇರುವುದು ಆ ಪದರದಲ್ಲೇ. ಜೆಸಿಬಿ ಅಂತೂ ಹತ್ತಿರ ಸುಳಿಯಬಾರದು. ಕಟ್ಟೆಯ ಸಂದಿಯಲ್ಲಿ ಅರಳಿ ಸಸಿ ಬೇರುಬಿಟ್ಟಿತ್ತು. ಎಳೆದರೆ ಕಲ್ಲೇ ಸಡಿಲವಾಗುತ್ತದೆ ಅಂತ ಬುಡದಲ್ಲಿ ಕೊಯ್ದು ಬಿಟ್ಟೆವು.

ಪೊದೆ ಹೋದ ಮೇಲೆ ಎಣಿಸಿದರೆ 31 ಗದ್ದುಗೆ. ಅಕ್ಷರ ಇದ್ದದ್ದು 12ಕ್ಕೆ ಮಾತ್ರ. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುವುದರಿಂದ ಗದ್ದುಗೆ ಚೌಕವಾಗಿರುತ್ತದೆ. ಕೆಲವಕ್ಕೆ ಮೇಲೊಂದು ಪುಟ್ಟ ಲಿಂಗ, ಕೆಲವಕ್ಕೆ ಬಸವ. ಉಳಿದವು ಬರೀ ಕಲ್ಲಿನ ಗುಡ್ಡೆ.

ಒಂದು ನಿಯಮ ಮಾಡಿಕೊಂಡಿದ್ದೆ. ಮೊದಲು ಫೋಟೋ, ಆಮೇಲೆ ನೀರು. ಪ್ರತಿ ಗದ್ದುಗೆ ಪಕ್ಕ ಶಾಲೆ ಮಕ್ಕಳ ಸ್ಲೇಟಿನಲ್ಲಿ ನಂಬರ್ ಬರೆದಿಟ್ಟು, ಅಳತೆಗೆ ಒಂದು ಸ್ಕೇಲ್ ಇಟ್ಟು, ನಾಲ್ಕೂ ಕಡೆಯಿಂದ ತೆಗೆದೆ. ಕಲ್ಲಿನ ಮೇಲೆ ಸೀಮೆಸುಣ್ಣ ಉಜ್ಜಿ ಅಕ್ಷರ ಎತ್ತಿ ತೋರಿಸುವ ಅಭ್ಯಾಸ ನಮ್ಮ ಕಡೆ ಇದೆ. ಮೈದಾ ಹಿಟ್ಟು ಸವರುವವರೂ ಇದ್ದಾರೆ. ಎರಡೂ ಬೇಡ. ಪುಡಿ ಕಲ್ಲಿನ ಸಣ್ಣ ರಂಧ್ರಗಳಲ್ಲಿ ಕೂತರೆ ಪೂರ್ತಿ ಹೋಗುವುದಿಲ್ಲ. ಆಸಿಡ್, ಬ್ಲೀಚಿಂಗ್ ಪೌಡರ್, ತಂತಿ ಬ್ರಷ್ ಬಗ್ಗೆ ಹೇಳುವುದೇ ಬೇಡ. ಗಟ್ಟಿಯಾಗಿದ್ದ ಕಲ್ಲುಗಳನ್ನು ಬರೀ ನೀರು, ಮೆತ್ತನೆ ಬ್ರಷ್‌ನಿಂದ ಕೆಳಗಿನಿಂದ ಮೇಲಕ್ಕೆ ತೊಳೆದೆ. ಕಲ್ಲುಹೂವು ಗಟ್ಟಿಯಾಗಿ ಅಂಟಿದ್ದ ಕಡೆ ಕೆರೆಯಲಿಲ್ಲ. ಕೆಲವು ಕಲ್ಲು ಪದರ ಪದರವಾಗಿ ಏಳುವ ಜಾತಿ. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಒಳಗೆ ಟೊಳ್ಳು ಸದ್ದು ಬರುತ್ತದೆ. ಅಂಥವನ್ನು ತೊಳೆಯಲೇ ಇಲ್ಲ.

ಅಕ್ಷರ ಓದಲು ಬೇಕಾದದ್ದು ಬೆಳಕು, ಅದೂ ಪಕ್ಕದಿಂದ. ಮಧ್ಯಾಹ್ನದ ಬಿಸಿಲಲ್ಲಿ ಏನೂ ಇಲ್ಲದಂತೆ ಕಂಡ ಕಲ್ಲು ಬೆಳಿಗ್ಗೆ ಏಳಕ್ಕೆ ಸಾಲುಸಾಲಾಗಿ ಓದಿಸಿಕೊಳ್ಳುತ್ತದೆ. ಬಿಸಿಲು ಆ ಮುಖಕ್ಕೆ ಬೀಳದಿದ್ದರೆ ಅಡಿಕೆ ಮರಗಳ ಆಚೆಯಿಂದ ಕನ್ನಡಿ ಹಿಡಿದು ಓರೆಯಾಗಿ ಬೆಳಕು ಹಾಯಿಸಬಹುದು. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ರಾತ್ರಿಯ ಟಾರ್ಚು. ಕಲ್ಲಿನ ಅಂಚಿಗೆ ತಾಗಿಸಿದಂತೆ ಟಾರ್ಚ್ ಹಿಡಿದು, ಎಡ, ಬಲ, ಮೇಲೆ, ಕೆಳಗೆ ಅಂತ ಜಾಗ ಬದಲಿಸುತ್ತಾ ಒಬ್ಬರು ನಿಂತರೆ, ಇನ್ನೊಬ್ಬರು ಫೋನನ್ನು ಸ್ಟ್ಯಾಂಡಿಗೆ ಹಾಕಿ ಅಲುಗಾಡಿಸದೆ ಫೋಟೋ ತೆಗೆಯುತ್ತಾರೆ. ಆದರೆ ನಮ್ಮ ಜಿಲ್ಲೆಯಲ್ಲಿ ರಾತ್ರಿ ಸಮಾಧಿ ಹತ್ತಿರ ಟಾರ್ಚ್ ಬೆಳಕು ಕಂಡರೆ ಜನ ಯೋಚಿಸುವುದು ಒಂದೇ: ನಿಧಿ ಅಗೆಯುವವರು! ಹಾಗಾಗಿ ಅಕ್ಕಪಕ್ಕದ ತೋಟದವರಿಗೆಲ್ಲ ಮೊದಲೇ ಹೇಳಿದ್ದೆ. ಒಬ್ಬರು ಬಂದು ಕೊನೆವರೆಗೂ ನಿಂತಿದ್ದರು. ಸಹಾಯಕ್ಕೋ, ಕಾವಲಿಗೋ, ನಾನು ಕೇಳಲಿಲ್ಲ.

ಓದಿದ್ದನ್ನು ಬರೆಯುವಾಗ ತಿದ್ದಬಾರದು. ಕಲ್ಲಿನಲ್ಲಿ 'ಆಶ್ವಯುಜ'ದ ಬದಲು 'ಆಶ್ವೀಜ' ಅಂತಿದ್ದರೆ ಹಾಗೇ ಇರಲಿ. ಸಾಲು ಮುರಿದ ಕಡೆ ಓರೆಗೆರೆ, ಅಳಿಸಿದ ಅಕ್ಷರಕ್ಕೆ ಚುಕ್ಕಿ, ಅನುಮಾನ ಇದ್ದರೆ ಪ್ರಶ್ನೆ ಚಿಹ್ನೆ ಹಾಕಿದೆ. ೬ ಮತ್ತು ೯ ಸವೆದ ಕಲ್ಲಿನಲ್ಲಿ ಒಂದೇ ಥರ ಕಾಣುತ್ತವೆ. ಎರಡು ಫೋಟೋದಲ್ಲಿ ಎರಡು ಥರ ಕಂಡರೆ ಎರಡನ್ನೂ ಬರೆದಿಟ್ಟೆ.

ನಿಜವಾದ ಮಜಾ ಇರುವುದು ತಾರೀಖಿನಲ್ಲಿ. ಇಸವಿ ಇರುವ ಕಲ್ಲು ನಮ್ಮಲ್ಲಿ ಕಡಿಮೆ. ಕೆಲವಕ್ಕೆ ಶಾಲಿವಾಹನ ಶಕ ಇದೆ. ಅದಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ. ಮಾರ್ಗಶಿರದ ಕೊನೆಯಲ್ಲೋ ಪುಷ್ಯದಲ್ಲೋ ಇಸವಿ ಬದಲಾಗುವುದರಿಂದ, ಅಲ್ಲಿಂದ ಫಾಲ್ಗುಣ ಮುಗಿಯುವವರೆಗೆ 79 ಕೂಡಿಸಬೇಕು. ಜಾಸ್ತಿ ಕಲ್ಲುಗಳಲ್ಲಿ ಸಂವತ್ಸರ, ಮಾಸ, ತಿಥಿ ಅಷ್ಟೇ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ ಯಾವ ಸುತ್ತಿನದು ಅಂತ ಬೇರೆ ಸಾಕ್ಷಿಯಿಂದ ತೀರ್ಮಾನಿಸಬೇಕು.

7ನೇ ನಂಬರಿನ ಕಲ್ಲು ಮೊಣಕಾಲೆತ್ತರ, ಬಲಮೂಲೆ ಮುರಿದಿದೆ. ಟಾರ್ಚ್ ಬಲಗಡೆಯಿಂದ ಹಿಡಿದಾಗ 'ಕಾಳಯುಕ್ತಿ ಸಂ॥ / ಆಶ್ವೀಜ ಬ ೮ ಲು' ಅಂತ ಕಂಡಿತು. ಕೆಳಗೆ 'ಲಿಂಗೈಕ್ಯ'. 'ಬ' ಅಂದರೆ ಬಹುಳ, ಕೃಷ್ಣಪಕ್ಷ. ಪಕ್ಕದ 8ನೇ ಕಲ್ಲಿನಲ್ಲೂ ಕಾಳಯುಕ್ತಿಯೇ, 'ಕಾರ್ತೀಕ ಶು ೩'. ಕಾಳಯುಕ್ತಿ ಬಂದದ್ದು 1858, 1918, 1978ರಲ್ಲಿ. 1978 ಅಲ್ಲ, ಆಗಿನ ಸಾವುಗಳೆಲ್ಲ ಅಪ್ಪನಿಗೆ ನೆನಪಿವೆ. 1858 ಅಷ್ಟು ಹಿಂದಿನದೂ ಅಲ್ಲ, ಯಾಕೆಂದರೆ 8ರಲ್ಲಿರುವುದು ನಮ್ಮ ಮುತ್ತಜ್ಜನ ತಮ್ಮ. ಹಾಗಾದರೆ 1918. ಆಶ್ವಯುಜ ಬಹುಳ ಅಷ್ಟಮಿ ಅಂದರೆ ಆ ವರ್ಷ ಅಕ್ಟೋಬರ್ ಕೊನೇ ವಾರ, ಕಾರ್ತೀಕ ಶುದ್ಧ ತದಿಗೆ ನವೆಂಬರ್ ಮೊದಲ ವಾರ. ಇನ್‌ಫ್ಲುಯೆಂಜಾ ಜ್ವರ ಇಡೀ ದೇಶವನ್ನು ಬಡಿದಿದ್ದ ತಿಂಗಳುಗಳು. ಭಾರತದಲ್ಲಿ ಒಂದು ಕೋಟಿಗೂ ಜಾಸ್ತಿ ಜನ ಸತ್ತರು. ಕಲ್ಲಿನಲ್ಲಿ ಕಾಯಿಲೆಯ ಹೆಸರಿಲ್ಲ, ಹಾಗಾಗಿ ಪಟ್ಟಿಯಲ್ಲೂ ನಾನು ಅದನ್ನು ಹಾಕಿಲ್ಲ, 'ಇರಬಹುದು' ಅಂತ ಬದಿಯಲ್ಲಿ ಟಿಪ್ಪಣಿ ಮಾಡಿದ್ದೇನೆ. ಆದರೂ ದೀಪಾವಳಿಯ ಆಚೆ ಈಚೆ ಒಂದೇ ಮನೆಯಿಂದ ಎರಡು ಹೆಣ. ಮನೆಯಲ್ಲಿ ಯಾರೂ ಈ ಮಾತು ಆಡಿದ್ದು ನಾನು ಕೇಳಿಲ್ಲ.

7ರಲ್ಲಿ ಇರುವವಳ ಹೆಸರು ಕಲ್ಲಿನಲ್ಲಿಲ್ಲ. ಇಂಥವರ ಧರ್ಮಪತ್ನಿ ಅಂತಷ್ಟೇ ಇದೆ. ಹೆಂಗಸರ ಕಲ್ಲುಗಳು ಜಾಸ್ತಿ ಹೀಗೇ. ಅದಕ್ಕೇ ದೊಡ್ಡಮ್ಮನನ್ನು ಪ್ಲಾಸ್ಟಿಕ್ ಕುರ್ಚಿ ಸಮೇತ ತೋಟಕ್ಕೆ ಕರೆದುಕೊಂಡು ಹೋದೆ. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ, ಒಂದೊಂದೇ ಗದ್ದುಗೆ ಮುಂದೆ ಕುರ್ಚಿ ಇಟ್ಟು ಕೇಳಿದೆ. "ಇದು ನಮ್ಮತ್ತೇದು ಕಣಪ್ಪ. ಆ ಗುಡ್ಡೆ ಹೆರಿಗೇಲಿ ಹೋದ ಸೊಸೇದು. ಅವಳು ಹೋದ ವರ್ಷಾನೇ ಕೆರೆ ಕೋಡಿ ಬಿದ್ದಿದ್ದು." ಅಕ್ಷರವೇ ಇಲ್ಲದ ಒಂಬತ್ತು ಗುಡ್ಡೆಗಳಿಗೆ ಅವರಿಂದ ಗುರುತು ಸಿಕ್ಕಿತು. ಹೇಳಿದ್ದನ್ನು ನಾನು ಕಲ್ಲಿನ ಓದಿನ ಜೊತೆ ಬೆರೆಸಲಿಲ್ಲ, ಬೇರೆ ಕಾಲಂನಲ್ಲಿ ಹಾಕಿದೆ. ಕಲ್ಲು ಹೇಳಿದ್ದು ಬೇರೆ, ಜನ ಹೇಳಿದ್ದು ಬೇರೆ. ಮೊಮ್ಮಗನಿಗೆ ತಾತನ ಹೆಸರಿಡುವ ರೂಢಿಯಿಂದ ನಮ್ಮಲ್ಲಿ ಒಂದೇ ಹೆಸರಿನ ಮೂರು ಕಲ್ಲುಗಳಿವೆ. ಕಲ್ಲಿನ ಓದು, ಜನರ ಮಾತು ಎರಡೂ ಕಲಸಿದರೆ ಯಾರು ಯಾರ ತಾತ ಅನ್ನುವುದೇ ತಪ್ಪಿಹೋಗುತ್ತದೆ. ಆ ಮೂವರನ್ನು ಬಿಡಿಸಿಕೊಟ್ಟದ್ದು ಸುಗ್ಗಿ ಮುಗಿದ ಮೇಲೆ ಊರಿಗೆ ಬಂದ ಹೆಳವರು. ಹಿಂದೆ ಎತ್ತಿನ ಮೇಲೆ ಬಂದು ವಂಶಾವಳಿ ಹೇಳಿ ಕಾಳುಕಡಿ ತೆಗೆದುಕೊಂಡು ಹೋಗುತ್ತಿದ್ದವರು, ಈಗ ಬೈಕಿನಲ್ಲಿ ಬರುತ್ತಾರೆ. ಅವರ ಪುಸ್ತಕದಲ್ಲಿ ಗಂಡಸರ ಸಾಲು ಗಟ್ಟಿಯಾಗಿದೆ. ಹೆಣ್ಣುಮಕ್ಕಳಿಗೆ ದೊಡ್ಡಮ್ಮನೇ ಗತಿ.

ನಕ್ಷೆ ವಿಷಯ ಬೇಗ ಹೇಳಿಬಿಡುತ್ತೇನೆ. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಎರಡು ಮಾರು ಅಂತರದ ಗದ್ದುಗೆಗಳಿಗೆ ಅದು ಪ್ರಯೋಜನವಿಲ್ಲ. ಸರ್ವೆಯವರು ನೆಟ್ಟ ಬಾಂದು ಕಲ್ಲು ಒಂದು, ಬಾವಿಯ ಮೂಲೆ ಒಂದು, ಈ ಎರಡು ಜಾಗದಿಂದ ಪ್ರತಿ ಗದ್ದುಗೆಗೂ ಟೇಪ್ ಹಿಡಿದು ಅಳೆದೆ. ಆ ಎರಡು ಜಾಗದ ನಡುವಿನ ದೂರ, ಈ ಎರಡು ಅಳತೆ, ಗದ್ದುಗೆ ಯಾವ ಬದಿಗಿದೆ ಅನ್ನುವುದು ಗೊತ್ತಿದ್ದರೆ ಕಾಗದದ ಮೇಲೆ ಕೈವಾರದಲ್ಲಿ ಆ ಬಿಂದು ಸಿಕ್ಕೇ ಸಿಗುತ್ತದೆ. ನಕ್ಷೆಯ ಮೇಲೆ ಸರ್ವೆ ನಂಬರ್, ಹಿಸ್ಸೆ ನಂಬರ್ ಬರೆದಿದ್ದೇನೆ. ನಾಳೆ ಪಾಲಾದಾಗ ಈ ಮೂಲೆ ಯಾರದೋ ಒಬ್ಬರ ಪಹಣಿಗೆ ಹೋಗುತ್ತದೆ. ಅವರು ಮಾರಿದರೆ ಇಲ್ಲಿ ಏನಿತ್ತು ಅನ್ನುವುದಕ್ಕೆ ಕಾಗದ ಬೇಕಲ್ವಾ?

ಫೋಟೋಗಳಿಗೆ ಗದ್ದುಗೆ ನಂಬರಿನದೇ ಹೆಸರು ಕೊಟ್ಟು, ಎಕ್ಸೆಲ್ ಪಟ್ಟಿ ಜೊತೆ ಅಣ್ಣತಮ್ಮಂದಿರ ಪ್ರತಿ ಮನೆಗೂ ಪೆನ್‌ಡ್ರೈವ್ ಕೊಟ್ಟೆ. ಜೊತೆಗೆ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿಸಿದ ಒಂದೊಂದು ಪುಸ್ತಕ. ಹಳ್ಳಿಮನೆಯಲ್ಲಿ ಉಳಿಯುವುದು ಪುಸ್ತಕವೇ. ಜಾಗದ ಲೊಕೇಶನ್ ಮಾತ್ರ ಇಂಟರ್ನೆಟ್ಟಿಗೆ ಹಾಕಿಲ್ಲ, ನಿಧಿಯವರ ಭಯಕ್ಕೆ.

ಟೈಲ್ಸ್ ಕತೆ? ಅಣ್ಣ ಪುಸ್ತಕ ನೋಡಿದ ಮೇಲೂ ಟೈಲ್ಸ್ ಬಿಡಲಿಲ್ಲ, ಆದರೆ ಅಕ್ಷರ ಇರುವ 12ಕ್ಕೆ ಕೈ ಹಚ್ಚುವುದಿಲ್ಲ ಅಂದ. ಉಳಿದವಕ್ಕೆ ಕಟ್ಟೆ ಕಟ್ಟುವಾಗ ಹಳೇ ಲಿಂಗ, ಬಸವ ಅಲ್ಲೇ ಮಣ್ಣಿನಲ್ಲಿ ನಿಲ್ಲಲಿ, ಸಿಮೆಂಟ್ ತಾಗದಿರಲಿ ಅಂತ ಮೇಸ್ತ್ರಿಗೆ ಎದುರಿಗೇ ನಿಂತು ಹೇಳಿಸಿದೆ.

ಪುಸ್ತಕ ಕೈ ಸೇರಿದ ಮೇಲೆ ಶಿವಮೊಗ್ಗದಿಂದ ಅತ್ತೆ ಫೋನ್ ಮಾಡಿದ್ದರು. 14ನೇದು ದೊಡ್ಡಮ್ಮ ಹೇಳಿದವರದ್ದಲ್ಲವಂತೆ, ಅವರ ಅಕ್ಕನದಂತೆ. ದೊಡ್ಡಮ್ಮ ಒಪ್ಪುತ್ತಿಲ್ಲ. ಪಟ್ಟಿಯಲ್ಲಿ ಈಗ 14ಕ್ಕೆ ಎರಡು ಹೆಸರಿವೆ, ಯಾವುದನ್ನು ಯಾರು ಹೇಳಿದರು ಅನ್ನುವುದರ ಸಮೇತ.