ಕಡ್ಲೆಹಿಟ್ಟು: ಹಸಿ ವಾಸನೆ ಹೋಗಬೇಕು, ಅಷ್ಟೇ

ಹೊಸದಾಗಿ ಸಂಸಾರ ಹೂಡಿದ ಮಕ್ಕಳು ನನ್ನ ಹತ್ತಿರ ಹೆಚ್ಚಾಗಿ ಕೇಳೋದು ಕಡ್ಲೆಹಿಟ್ಟಿನ ವಿಷಯವೇ. ಬಜ್ಜಿ ಎಣ್ಣೆ ಕುಡೀತು, ಬಾಂಬೆ ಸಾಗು ಗಂಟು ಕಟ್ಟಿತು, ಮೈಸೂರು ಪಾಕು ಕಲ್ಲಾಯ್ತು. ಇದರಲ್ಲಿ ಮುಕ್ಕಾಲು ಪಾಲು ಕೈಯ ತಪ್ಪಲ್ಲ. ಡಬ್ಬಿಯಲ್ಲಿರೋ ಹಿಟ್ಟಿನ ಗುಣ ಗೊತ್ತಿಲ್ಲದೆ ಆಗೋದು.

ನಮ್ಮ ಅಡುಗೆಮನೆಯಲ್ಲಿ ಎರಡು ಹಿಟ್ಟು ಇರುತ್ತೆ. ಸಣ್ಣ ಕಂದು ಕಡಲೆಯ ಸಿಪ್ಪೆ ತೆಗೆದು ಒಡೆದದ್ದು ಕಡ್ಲೆಬೇಳೆ, ಅದನ್ನು ಬೀಸಿದರೆ ಕಡ್ಲೆಹಿಟ್ಟು. ಇದು ಹಸಿ, ಆದ್ದರಿಂದ ಹಸಿ ವಾಸನೆ ಹೋಗುವಂತೆ ಬೇಯಿಸಲೇಬೇಕು. ಹುರಿಗಡಲೆ ಪುಡಿ ಮಾಡಿದರೆ ಹುರಿಗಡಲೆ ಹಿಟ್ಟು. ಅದು ಆಗಲೇ ಹುರಿದು ಬಂದಿರೋದರಿಂದ ಚಟ್ನಿಗೆ ಹಾಗೇ ಹಾಕಬಹುದು, ಪಲ್ಯ ನೀರಾಗಿದ್ದರೆ ಇಳಿಸೋ ಮುಂಚೆ ಒಂದು ಚಮಚ ಉದುರಿಸಬಹುದು, ಕೋಡುಬಳೆ ಚಕ್ಕುಲಿಗೆ ಗರಿಗರಿ ಬರಲಿ ಅಂತ ಬೆರೆಸಬಹುದು. ಆದರೆ ಅದರಲ್ಲಿ ಬಜ್ಜಿ ಕರಿಯಲು ಹೋಗಬೇಡಿ. ಹಿಡಿತವೇ ಇರಲ್ಲ, ಎಣ್ಣೆಯಲ್ಲಿ ಬಿಟ್ಟುಕೊಳ್ಳುತ್ತೆ.

ಆದಷ್ಟು ಮಟ್ಟಿಗೆ ಬೇಳೆ ತಂದು ಮಿಲ್ಲಿನಲ್ಲಿ ಬೀಸಿಸಿ. ಪುಡಿಯಾದ ಮೇಲೆ ಕಲಬೆರಕೆ ಕಣ್ಣಿಗೆ ಕಾಣಲ್ಲ, ಬೇಳೆಯಲ್ಲಿ ಕಾಣುತ್ತೆ. ಕಡ್ಲೆಬೇಳೆ ಗುಂಡಗೆ ನುಣ್ಣಗಿರುತ್ತೆ, ಅದಕ್ಕೆ ಕಲಬೆರಕೆ ಮಾಡೋ ಕೇಸರಿ ಬೇಳೆ ಮೂಲೆ ಮೂಲೆಯಾಗಿ ಚಪ್ಪಟೆ ಇರುತ್ತೆ. ಕೇಸರಿ ಬೇಳೆಯನ್ನು ಬಹಳ ಕಾಲ ದಿನಾ ತಿಂದರೆ ಕಾಲಿನ ಶಕ್ತಿಯೇ ಹೋಗುವ ಕಾಯಿಲೆ ಬರುತ್ತೆ, ಆದ್ದರಿಂದ ಈ ಎಚ್ಚರ ಬೇಕೇ ಬೇಕು. ಬೇಳೆಯನ್ನು ಒಂದು ಒಳ್ಳೆ ಬಿಸಿಲಿಗೆ ಹಾಕಿ ಒಯ್ಯಿರಿ. ನಮ್ಮ ಮಂಡ್ಯ ಕಡೆ ಮಿಲ್ಲುಗಳಲ್ಲಿ ಬೆಳಗಿನಿಂದ ರಾಗಿಯೇ ಓಡುತ್ತಿರುತ್ತೆ. ಅದರ ಹಿಂದೆಯೇ ಹಾಕಿಸಿದರೆ ಹಿಟ್ಟು ಮಾಸಲಾಗುತ್ತೆ. ಖಾರದ ಪುಡಿ ಬೀಸಿದ ಮೇಲಂತೂ ಬೇಡವೇ ಬೇಡ. ಅಕ್ಕಿ ಆದ ಮೇಲೆ ಹಾಕಿ ಅಂತ ಮಿಲ್ಲಿನವರಿಗೆ ಹೇಳಿ.

ಬಜ್ಜಿಗೆ ಒಂದು ಲೋಟ ಕಡ್ಲೆಹಿಟ್ಟಿಗೆ ಎರಡು ಚಮಚ ಅಕ್ಕಿಹಿಟ್ಟು, ಉಪ್ಪು, ಅಚ್ಚ ಖಾರದ ಪುಡಿ, ಇಂಗು, ಅಂಗೈಯಲ್ಲಿ ತಿಕ್ಕಿದ ಓಂಕಾಳು. ಓಂಕಾಳು ರುಚಿಗೆ ಮಾತ್ರವಲ್ಲ, ಹೊಟ್ಟೆ ಉಬ್ಬರಿಸದಿರಲಿ ಅಂತ ಹಿರಿಯರು ಹಾಕುತ್ತಿದ್ದದ್ದು. ನೀರನ್ನು ಒಂದೇ ಸಲ ಸುರಿಯಬೇಡಿ. ಮೊದಲು ಗಟ್ಟಿಯಾಗಿ ಕಲಸಿ ಗಂಟೊಡೆದು, ಆಮೇಲೆ ಸಡಿಲ ಮಾಡಿ. ಬಾಳೆಕಾಯಿ ಬಿಲ್ಲೆ ಅದ್ದಿ ಎತ್ತಿದಾಗ ಹಿಟ್ಟು ಪದರವಾಗಿ ನಿಲ್ಲಬೇಕು, ಬಿಲ್ಲೆಯ ಬಣ್ಣ ಕಾಣಬಾರದು. ಸೋಡಾ ಹೆಚ್ಚಾದರೆ ಬಜ್ಜಿ ಎಣ್ಣೆ ಹೀರುತ್ತೆ. ಕಾದ ಎಣ್ಣೆ ಒಂದು ಚಮಚ ಹಿಟ್ಟಿಗೆ ಹಾಕಿ ಕಲಸಿದರೆ ಸೋಡಾ ಬೇಕೂ ಇಲ್ಲ.

ಬಾಂಬೆ ಸಾಗುವಿಗೆ ಹಿಟ್ಟನ್ನು ತಣ್ಣೀರಲ್ಲೇ ಕದಡಿ. ಬಿಸಿಗೆ ಹಾಕಿದರೆ ಹೊರಗೆ ಬೆಂದು ಒಳಗೆ ಒಣಹಿಟ್ಟು ಉಳಿದು ಗಂಟಾಗುತ್ತೆ. ಹಾಕಿದ ಮೇಲೆ ನಾಲ್ಕೈದು ನಿಮಿಷ ಕುದಿಸಿ, ಆರಿದರೆ ಗಟ್ಟಿಯಾಗೋದರಿಂದ ಸ್ವಲ್ಪ ತೆಳ್ಳಗಿದ್ದಾಗಲೇ ಇಳಿಸಿ. ಮೊಸರು ಹಾಕಿ ಕುದಿಸೋ ಅಡುಗೆ ಇದ್ದರೆ ಮೊಸರಿಗೆ ಒಂದು ಚಮಚ ಕಡ್ಲೆಹಿಟ್ಟು ಕಡೆದು ಹಾಕಿ, ಒಡೆಯಲ್ಲ. ಉತ್ತರದವರ ಕಢಿ ನಿಲ್ಲೋದೇ ಇದರಿಂದ.

ಇನ್ನು ಮೈಸೂರು ಪಾಕು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ಕೈಯಲ್ಲಿ ಹುಟ್ಟಿದ್ದು ಅಂತ ನಮ್ಮೂರಲ್ಲಿ ಎಲ್ಲರೂ ಹೇಳ್ತಾರೆ. ಅವರ ವಂಶದವರ ಅಂಗಡಿ ಈಗಲೂ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿದೆ. ಹಿಟ್ಟು ಒಂದು ಲೋಟ, ಸಕ್ಕರೆ ಎರಡು, ತುಪ್ಪ ಎರಡು. ಹಿಟ್ಟನ್ನು ಜರಡಿ ಹಿಡಿದು ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಬೆಚ್ಚಗೆ ಮಾಡಿ, ಕೆಂಪಾಗಬಾರದು. ಒಂದೆಳೆ ಪಾಕಕ್ಕೆ ಹಿಟ್ಟನ್ನು ಉದುರಿಸುತ್ತಾ ಕೈಯಾಡಿಸಿ. ತುಪ್ಪ ಪಕ್ಕದ ಒಲೆಯ ಮೇಲೆ ಕಾಯುತ್ತಲೇ ಇರಬೇಕು, ಗುಟ್ಟೆಲ್ಲ ಇಲ್ಲೇ ಇರೋದು. ಸೌಟಿನಲ್ಲಿ ಹಾಕಿದೊಡನೆ ಚೊಂಯ್ ಅಂತ ನೊರೆ ಏಳಬೇಕು. ಆ ಬಿಸಿಗೆ ಪಾಕದ ನೀರು ಆವಿಯಾಗಿ ಹೊರಬರುವಾಗಲೇ ಗೂಡುಗೂಡಾಗೋದು, ಹಿಟ್ಟು ಬೇಯೋದೂ ಆಗಲೇ. ತುಪ್ಪ ಬರೀ ಬೆಚ್ಚಗಿದ್ದರೆ ಬರ್ಫಿ ಆಗುತ್ತೆ. ಈಗಿನ ಮೆತ್ತನೆ ತುಪ್ಪದ ಪಾಕು ಬೇರೆ, ಅದೂ ರುಚಿಯೇ, ಆದರೆ ನನಗೆ ಗೂಡುಗೂಡಾದದ್ದೇ ಇಷ್ಟ. ಬಾಣಲೆಯ ಅಂಚು ಬಿಟ್ಟು ತುಪ್ಪ ಕಾರಲು ಶುರುವಾದ ಕ್ಷಣವೇ ತಟ್ಟೆಗೆ ಸುರಿಯಿರಿ. ಒತ್ತಬೇಡಿ, ಸವರಬೇಡಿ, ಒತ್ತಿದರೆ ಗೂಡು ಮುಚ್ಚಿ ಕಲ್ಲಾಗುತ್ತೆ. ಬಿಸಿ ಇದ್ದಾಗಲೇ ಗೆರೆ ಕೊಯ್ಯಿರಿ. ನಡುವೆ ಕಂದು ಬಣ್ಣ ಬಂದರೆ ಹೆದರಬೇಡಿ, ಒಳಗಿನ ಬಿಸಿ ನಿಧಾನಕ್ಕೆ ಆರೋದರಿಂದ ಬಂದದ್ದು.

ಕಡ್ಲೆಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಬರೀ ಅದರಲ್ಲೇ ರೊಟ್ಟಿ ಲಟ್ಟಿಸಿದರೆ ಹರಿಯುತ್ತೆ, ಅರ್ಧ ಗೋಧಿಹಿಟ್ಟು ಸೇರಿಸಿ.

ಮಳೆಗಾಲದಲ್ಲಿ ಒಂದು ಕೇಜಿಗಿಂತ ಹೆಚ್ಚು ಬೀಸಿಸಬೇಡಿ. ಆರಿದ ಮೇಲೆ ಒಣ ಡಬ್ಬಿಗೆ ತುಂಬಿ, ಒದ್ದೆ ಚಮಚ ತಾಕಿಸಬೇಡಿ. ತಡವಾಗಿ ಖರ್ಚಾಗೋದಾದರೆ ಫ್ರಿಜ್ಜಿನಲ್ಲಿಡಿ. ಹಳೇ ಹಿಟ್ಟಿದ್ದರೆ ಚಿಟಿಕೆ ನಾಲಿಗೆಗೆ ಹಚ್ಚಿ ನೋಡಿ. ಕಹಿ ಹೊಡೆದರೆ ಹುರಿದರೂ ಹೋಗಲ್ಲ, ಅಂಥದ್ದನ್ನು ಅಡುಗೆಗೆ ತರಬೇಡಿ.